ಡಕ್‌ಟೇಲ್ಸ್ ಆಡೋಕೆ ಹಿಡಿದ 38 ದಿನ

ಮಗಳು ಕೇಳಿದ್ದು ಏಪ್ರಿಲ್ 12ಕ್ಕೆ. ಆಟದ ಕೊನೆ ಕಂಡದ್ದು ಮೇ 19ರ ರಾತ್ರಿ. ನಡುವೆ ಲ್ಯಾಪ್‌ಟಾಪ್ ರಿಪೇರಿ ಎರಡು ಸಲ, ಬ್ಯಾಂಕಿಗೆ ಅಲೆದಾಟ ಎರಡು ಸಲ, ಒಂದು ತಪ್ಪು ಬ್ಯಾಟರಿ, ಮತ್ತೆ ಲೆಕ್ಕ ಇಡಲಾಗದಷ್ಟು ಸಲ ಕರೆಂಟ್ ಹೋಗಿದ್ದು. ಇಷ್ಟೆಲ್ಲ ಆದದ್ದು ಕೋಲಿನ ಮೇಲೆ ಕುಪ್ಪಳಿಸೋ ಒಬ್ಬ ಮುದಿ ಬಾತುಕೋಳಿಯ ಆಟಕ್ಕಾಗಿ. ಇದೇ ಬೇಸಿಗೆಯಲ್ಲಿ ಇನ್ಯಾರಾದರೂ ಅಪ್ಪ ಇದೇ ಕೆಲಸಕ್ಕೆ ಕೈ ಹಾಕಿದರೆ ಅವರಿಗೆ ಅರ್ಧ ದಿನವಾದರೂ ಉಳಿಯಲಿ ಅಂತ, ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲು ಸ್ವಲ್ಪ ಹಳೇ ಕಥೆ. ನಾನು ಬೆಳೆದದ್ದು ಗುಲಬರ್ಗಾದಲ್ಲಿ. ಊರಿನ ಹೆಸರು ಕಾಗದದ ಮೇಲೆ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ, ನಾನು ಹೇಳೋದು ಅದಕ್ಕೂ ಹಿಂದಿನದು. ತೊಂಬತ್ತರ ದಶಕದಲ್ಲಿ ಭಾನುವಾರ ದೂರದರ್ಶನದಲ್ಲಿ ಡಕ್‌ಟೇಲ್ಸ್ ಹಿಂದಿಯಲ್ಲಿ ಬರುತ್ತಿತ್ತು. ನಮ್ಮ ಓಣಿಯಲ್ಲಿ ಕನ್ನಡ ಎಷ್ಟೋ ದಖನಿ ಉರ್ದುವೂ ಅಷ್ಟೇ, ಹಾಗಾಗಿ ಹಿಂದಿ ತೊಡಕಾಗಲಿಲ್ಲ. ಜಿಪುಣ ಸ್ಕ್ರೂಜ್, ಅವನ ಜೊತೆಗಿರೋ ಮೂರು ಮರಿಗಳು ಹ್ಯೂಯಿ, ಡ್ಯೂಯಿ, ಲೂಯಿ, ವಿಮಾನವನ್ನು ಯಾವತ್ತೂ ನೆಟ್ಟಗೆ ಇಳಿಸದ ಲಾಂಚ್‌ಪ್ಯಾಡ್. ಅಮೆರಿಕದಲ್ಲಿ ಅದು 1987ರಲ್ಲೇ ಶುರುವಾಗಿ 100 ಕಂತಿಗೆ ಮುಗಿದುಹೋಗಿತ್ತು ಅನ್ನೋದು ನಮಗೇನು ಗೊತ್ತು? ನಮಗೆ ಅದು ಬಿಸಿ ಬಿಸಿ.

ಅದೇ ಬಾತುಕೋಳಿಯ ವಿಡಿಯೋ ಗೇಮ್ ಇದೆ ಅಂತ ಗೊತ್ತಾದದ್ದು ಬ್ರಹ್ಮಪುರದ ಒಂದು ಮನೆಯಲ್ಲಿ. ಅಲ್ಲಿ ಒಬ್ಬರು ಮುಂದಿನ ಖೋಲಿಯಲ್ಲಿ ಎರಡು ಟಿವಿ ಇಟ್ಟುಕೊಂಡು ಅರ್ಧ ತಾಸಿಗೆ 2 ರೂಪಾಯಿ ತಗೊಂಡು ಟಿವಿ ಗೇಮ್ ಆಡಿಸುತ್ತಿದ್ದರು. ಆ ಆಟವನ್ನು ಜಪಾನಿನ ಕ್ಯಾಪ್‌ಕಾಮ್ ಕಂಪನಿ 1989ರಲ್ಲಿ ನಿಂಟೆಂಡೋ ಯಂತ್ರಕ್ಕೆ ಮಾಡಿದ್ದು. ಐದು ಜಾಗ, ಯಾವುದನ್ನು ಬೇಕಾದರೂ ಮೊದಲು ಆರಿಸಬಹುದು: ಅಮೆಜಾನ್ ಕಾಡು, ಟ್ರಾನ್ಸಿಲ್ವೇನಿಯಾದ ಕೋಟೆ, ಆಫ್ರಿಕಾದ ಗಣಿ, ಹಿಮಾಲಯ, ಚಂದ್ರ. ಸ್ಕ್ರೂಜ್ ಕೈಲಿರೋ ಊರುಗೋಲೇ ಅವನ ಆಯುಧ. ಗಾಳಿಯಲ್ಲಿರುವಾಗ ಕೆಳಗಿನ ಬಟನ್ ಒತ್ತಿ ಹಿಡಿದು ಇನ್ನೊಂದು ಬಟನ್ ಒತ್ತಿದರೆ ಕೋಲು ಸ್ಪ್ರಿಂಗ್ ಥರ ಆಗಿ, ವೈರಿಗಳ ತಲೆ ಮೇಲೆ ಟಣ್ ಟಣ್ ಅಂತ ಜಿಗಿಯುತ್ತಾ ಹೋಗುತ್ತಾನೆ. ನಾನು ಪ್ರತಿ ಸಲ ಹಿಮಾಲಯವನ್ನೇ ಆರಿಸುತ್ತಿದ್ದೆ. ಯಾಕೆ ಅಂತ ಈ ಊರಿನ ಮೇ ತಿಂಗಳು ನೋಡಿದವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಮೆತ್ತನೆ ಹಿಮದ ಮೇಲೆ ಕುಪ್ಪಳಿಸಿದರೆ ಕೋಲು ಹೂತು ಹೋಗುತ್ತದೆ, ಸ್ಕ್ರೂಜ್ ಅಲ್ಲೇ ನಿಂತು ಒದ್ದಾಡುತ್ತಾನೆ. ನಾನೂ ಒದ್ದಾಡುತ್ತಿದ್ದೆ, ಅಷ್ಟರಲ್ಲಿ ಆ ಮನೆಯವರು ಬಂದು ಟಿವಿ ಬಂದ್ ಮಾಡುತ್ತಿದ್ದರು. ಎರಡು ರೂಪಾಯಿ ಅಲ್ಲಿಗೆ ಮುಗಿಯಿತು. ಹಿಮಾಲಯ ದಾಟಿದ್ದೇ ಇಲ್ಲ.

ಈಗ ನನಗೆ ನಲವತ್ತರ ಮೇಲಾಗಿದೆ, ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಮಗಳು ನಾಲ್ಕನೇ ಇಯತ್ತೆ ಮುಗಿಸಿದ್ದಾಳೆ. ರಜೆಯಲ್ಲಿ ಅವಳು ನೋಡುತ್ತಿದ್ದದ್ದು 2017ರಲ್ಲಿ ಹೊಸದಾಗಿ ಬಂದ ಡಕ್‌ಟೇಲ್ಸ್. ಪಕ್ಕದಲ್ಲಿ ಕೂತು ನಾನು ಸುಮ್ನೆ ಇರಬೇಕಿತ್ತು. "ಇದರ ಗೇಮ್ ನಾನು ಸಣ್ಣವನಿದ್ದಾಗ ಆಡ್ತಿದ್ದೆ" ಅಂದುಬಿಟ್ಟೆ.

"ಪಪ್ಪಾ, ನನಗೂ ಆಡಸು."

ಹುಡುಕಿ ನೋಡಿದೆ. ಹಳೇ ಆಟವನ್ನೇ ಹೊಸದಾಗಿ ಬರೆದು 2013ರಲ್ಲಿ 'ಡಕ್‌ಟೇಲ್ಸ್ ರೀಮಾಸ್ಟರ್ಡ್' ಅಂತ ಬಿಟ್ಟಿದ್ದಾರೆ. ಮಾಡಿದವರು ವೇಫಾರ್ವರ್ಡ್. ಬೊಂಬೆಗಳೆಲ್ಲ ಕಾರ್ಟೂನಿನ ಹಾಗೆ ಕೈಯಲ್ಲಿ ಬಿಡಿಸಿದ್ದು, ಆಟದ ಗತಿ ಮಾತ್ರ ಅದೇ ಹಳೇದು: ಎಡದಿಂದ ಬಲಕ್ಕೆ ಓಡು, ಜಿಗಿ, ಬೀಳು, ಮತ್ತೆ ಮೊದಲಿಂದ. ಸ್ಕ್ರೂಜ್‌ಗೆ ಧ್ವನಿ ಕೊಟ್ಟವರು ಹಳೇ ಕಾರ್ಟೂನಿನ ಅದೇ ಅಲನ್ ಯಂಗ್, ಆಗ ಅವರಿಗೆ 93 ವರ್ಷ. ನಾನು ಇದನ್ನು ಕೊಳ್ಳಬೇಕು ಅಂತ 2019ರಲ್ಲೇ ಅಂದುಕೊಂಡಿದ್ದೆ. ಆ ವರ್ಷ ಆಗಸ್ಟ್‌ನಲ್ಲಿ ಇದ್ದಕ್ಕಿದ್ದ ಹಾಗೆ ಆನ್‌ಲೈನ್ ಅಂಗಡಿಗಳಿಂದ ತೆಗೆದುಬಿಟ್ಟರು. 2020ರ ಮಾರ್ಚ್‌ನಲ್ಲಿ ವಾಪಸ್ ಬಂತು, ಆದರೆ ಆ ಮಾರ್ಚ್‌ನಲ್ಲಿ ಆಟದ ನೆನಪು ಯಾರಿಗಿತ್ತು? ಹಾಗೇ ಬಿಟ್ಟುಹೋಯಿತು. ಈ ಸಲ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕಂಡ ಕೂಡಲೇ ತಡ ಮಾಡಬಾರದು ಅನ್ನಿಸಿತು.

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಮಿಲ್ಲಿನಲ್ಲಿದೆ, ಅದು ಮಾಲೀಕರದ್ದು. ಬೆಂಗಳೂರಿನಲ್ಲಿರುವ ಹೆಂಡತಿಯ ತಮ್ಮನಿಗೆ ಫೋನ್ ಮಾಡಿದೆ. "ಮಾಮಾ, ನನ್ನ ಹಳೇ ಲ್ಯಾಪ್‌ಟಾಪ್ ಸುಮ್ನೆ ಬಿದ್ದದ, ಬಸ್ಸಿಗೆ ಹಾಕ್ತೀನಿ" ಅಂದ. 15ಕ್ಕೆ ಬಂತು. ಪಾರ್ಸೆಲ್‌ಗೆ 250 ರೂಪಾಯಿ. ಅಕ್ಕಿ ಚೀಲದೊಳಗೆ ಹಳೇ ಟವೆಲ್ ಸುತ್ತಿ ಕಳಿಸಿದ್ದ. ಚಾರ್ಜರ್ ಹಾಕಿದರೆ ನಡೆಯುತ್ತದೆ, ತೆಗೆದ ಕೂಡಲೇ ಸಾಯುತ್ತದೆ. ಬ್ಯಾಟರಿ ಹೋಗಿದೆ. ಇರಲಿ ಬಿಡು, ಚಾರ್ಜರ್ ಹಾಕೇ ಆಡಿದರಾಯಿತು ಅಂದುಕೊಂಡೆ. ಈ ಮಾತು ನೆನಪಿಟ್ಟುಕೊಳ್ಳಿ.

ಮೊದಲ ಗೋಡೆ ಅಲ್ಲೇ ಸಿಕ್ಕಿತು. ಅದರಲ್ಲಿದ್ದದ್ದು ವಿಂಡೋಸ್ 7. ಸ್ಟೀಮ್ 2024ರ ಜನವರಿ 1ರಿಂದ ವಿಂಡೋಸ್ 7, 8 ಎರಡಕ್ಕೂ ಕೈ ಮುಗಿದಿದೆ, ಕನಿಷ್ಠ 10 ಇರಬೇಕು. ಸೂಪರ್ ಮಾರ್ಕೆಟ್ ಹತ್ತಿರ ಒಂದು ರಿಪೇರಿ ಅಂಗಡಿಗೆ ತಗೊಂಡು ಹೋದೆ. ಹುಡುಗ ತೆರೆದು ನೋಡಿ, "ಸರ್, ಹಾರ್ಡ್ ಡಿಸ್ಕ್ ಭಾಳ ಸ್ಲೋ ಅದ, ಎಸ್‌ಎಸ್‌ಡಿ ಹಾಕಸ್ರಿ, ಇಲ್ಲಂದ್ರ ಗೇಮ್ ಚಾಲೂ ಆಗೋದ್ರೊಳಗ ಮಗಳು ಕಾಲೇಜಿಗಿ ಹೋಗ್ತಾಳ" ಅಂದ. ಎಸ್‌ಎಸ್‌ಡಿ 2,600, ಕೂಲಿ 500. ಎರಡು ದಿನ ಬಿಟ್ಟು ತಂದೆ. ಮನೆಗೆ ಬಂದು ಸ್ಟೀಮ್ ಹಾಕಲು ಹೋದರೆ ಆಗುವುದಿಲ್ಲ. ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಹುಡುಗ ತನ್ನ ಹಳೇ ಪೆನ್ ಡ್ರೈವ್‌ನಿಂದ ಹಳೇ ನಮೂನೆಯ 32 ಬಿಟ್ ವಿಂಡೋಸ್ ಹಾಕಿಬಿಟ್ಟಿದ್ದಾನೆ. ಸ್ಟೀಮ್ 2026ರ ಜನವರಿಯಿಂದ ಅದನ್ನೂ ಬಿಟ್ಟಿದೆ. ಮತ್ತೆ ಅಂಗಡಿಗೆ. ನಡುವೆ ಬಸವ ಜಯಂತಿ ಬಂತು. ನಮ್ಮೂರಲ್ಲಿ ಬಸವ ಜಯಂತಿ ಅಂದರೆ ಏನು ಅಂತ ಗೊತ್ತಲ್ವಾ, ಆ ದಿನ ಯಾವ ಹುಡುಗ ವಿಂಡೋಸ್ ಹಾಕುತ್ತಾ ಕೂರುತ್ತಾನೆ? ಕೈಗೆ ಬಂದಾಗ 22ನೇ ತಾರೀಖು.

ನೀವು ಹಳೇ ಲ್ಯಾಪ್‌ಟಾಪ್ ಕೊಡುವಾಗ ಬಾಯಿ ಬಿಟ್ಟು ಹೇಳಿ: "64 ಬಿಟ್ ವಿಂಡೋಸ್ 10 ಹಾಕ್ರಿ." ಚೀಟಿಯಲ್ಲಿ ಬರೆಸಿ. 10ಕ್ಕೂ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಸಿದೆ ಅಂತ ಅಂಗಡಿಯವರು ಹೆದರಿಸಬಹುದು. ಅದು ನಿಜವೇ, ಹಾಗಾಗಿ ಆ ಲ್ಯಾಪ್‌ಟಾಪಿನಲ್ಲಿ ಬ್ಯಾಂಕಿನ ಕೆಲಸ ಮಾಡಬೇಡಿ. ಆಟಕ್ಕೆ ಸಾಕು.

23ನೇ ತಾರೀಖು ಗುರುವಾರ ರಾತ್ರಿ ರೊಕ್ಕ ಕಟ್ಟಲು ಕೂತೆ. ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲೇ ತೋರಿಸುತ್ತದೆ, ಯುಪಿಐ ನಡೆಯುತ್ತದೆ. ಫೋನಿನಲ್ಲಿ ಪಿನ್ ಒತ್ತಿದೆ. ಅದೇ ಹೊತ್ತಿಗೆ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಸತ್ತಿತು, ವೈಫೈ ಸತ್ತಿತು. ಕತ್ತಲಲ್ಲಿ ಫೋನ್ ಮಾತ್ರ ಟಿಂಗ್ ಅಂತು: ಖಾತೆಯಿಂದ ರೊಕ್ಕ ಕಟ್ ಆಗಿದೆ. ಅರ್ಧ ತಾಸು ಬಿಟ್ಟು ಕರೆಂಟ್ ಬಂದ ಮೇಲೆ ನೋಡಿದರೆ ಆಟ ಬಂದಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ನನ್ನದು ಕೈಯಿಂದಲೂ ಹೋಗಿತ್ತು.

ಹೆಂಡತಿಗೆ ಹೇಳಿದೆ. ಅವಳು ಮೊದಲು ಹೇಳಿದ ಮಾತು, "1930ಕ್ಕ ಫೋನ್ ಹಚ್ಚ್ರಿ." ಅದು ಸೈಬರ್ ವಂಚನೆಯ ಸಹಾಯವಾಣಿ. ಫೋನ್ ಹಚ್ಚುವವನೇ ಇದ್ದೆ. ನಂತರ ಯೋಚಿಸಿದೆ, ಇಲ್ಲಿ ಯಾರೂ ವಂಚಿಸಿಲ್ಲವಲ್ಲ, ನಡುದಾರಿಯಲ್ಲಿ ಸಿಕ್ಕಿಕೊಂಡಿದೆ ಅಷ್ಟೇ.

ಶುಕ್ರವಾರ ಮಿಲ್ಲಿನಲ್ಲಿ ಒಂದು ತಾಸು ಕೇಳಿಕೊಂಡು ಬ್ಯಾಂಕಿಗೆ ಹೋದೆ. ಇಲ್ಲಿ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೇ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ, ಬಿಸಿಲಿನ ಕಾರಣಕ್ಕೆ. ಬ್ಯಾಂಕಿಗೆ ಆ ಭಾಗ್ಯ ಇಲ್ಲ. ಹನ್ನೆರಡರ ಬಿಸಿಲಲ್ಲಿ ಗಾಡಿಯ ಸೀಟು ಸುಡುತ್ತಿತ್ತು. ಮುಕ್ಕಾಲು ತಾಸು ಸರತಿಯಲ್ಲಿ ನಿಂತ ಮೇಲೆ ಕೌಂಟರಿನ ಮೇಡಂ ಮುಂದೆ ಬಂದೆ.

"ಏನಾಗ್ಯದ್ರಿ?"

"ರೊಕ್ಕ ಕಟ್ ಆಗ್ಯಾವ್ರಿ ಮೇಡಂ, ಅವರಿಗಿ ಮುಟ್ಟಿಲ್ಲ."

"ಯಾರಿಗಿ ಹಾಕಿದ್ರಿ?"

"ಗೇಮಿಗಿ ರೀ."

ಅವರು ಕನ್ನಡಕ ಮೇಲೆ ಸರಿಸಿ ನನ್ನನ್ನು ನೋಡಿದರು. "ರಮ್ಮಿ ಏನ್ರಿ?"

ನನ್ನ ಹಿಂದೆ ಪಾಸ್‌ಬುಕ್ ಹಿಡಿದು ನಿಂತಿದ್ದ ಅಜ್ಜ "ಮಕ್ಕಳು ಮರಿ ಇದ್ದಾವ, ಹಿಂಗ ಮಾಡಿದ್ರ ಹ್ಯಾಂಗಪಾ" ಅಂದ. ನಾನು ಗಾಬರಿಯಲ್ಲಿ, "ಅಲ್ರಿ ಯಜಮಾನ್ರ, ಬಾತುಕೋಳಿ ಆಟ" ಅಂದೆ. ಅಜ್ಜನಿಗೆ ಅರ್ಧವೇ ಕೇಳಿಸಿತು. "ಕೋಳಿ ಪಂದ್ಯ ಈಗ ಫೋನಿನ್ಯಾಗೂ ಬಂದದೇನು!" ಸರತಿ ಪೂರ್ತಿ ನನ್ನ ಕಡೆ ತಿರುಗಿತು. ಅಲ್ಲಿ ನಿಂತು ಸ್ಕ್ರೂಜ್, ಅವನ ಕೋಲು, ನನ್ನ ಮಗಳ ರಜೆ ಎಲ್ಲ ವಿವರಿಸೋದು ಆಗುವ ಮಾತಲ್ಲ. ತಲೆ ತಗ್ಗಿಸಿ ನಿಂತೆ.

ಇದು ನಗುವ ವಿಷಯ ಹೌದು, ಆದರೆ ನಿಮಗೂ ಆಗುತ್ತದೆ, ತಯಾರಿರಿ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ರೊಕ್ಕ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಅಂದಿನಿಂದ 'ಗೇಮ್' ಅಂದರೆ ಸಾಕು, ಜನರ ಮುಖ ಬದಲಾಗುತ್ತದೆ. ನಮ್ಮದು ಅದಲ್ಲ. ಒಂದು ಸಲ ಬೆಲೆ ಕೊಟ್ಟು ಕೊಂಡು ಮನೆಯಲ್ಲಿ ಆಡುವುದು, ಪುಸ್ತಕ ಕೊಂಡ ಹಾಗೆ. ಗೆದ್ದರೂ ರೊಕ್ಕ ಇಲ್ಲ, ಸೋತರೂ ಇಲ್ಲ. ನಾನು ಎರಡನೇ ಸಲ ಹೋದಾಗ 'ಗೇಮ್' ಅನ್ನಲೇ ಇಲ್ಲ, "ಆನ್‌ಲೈನ್ ಖರೀದಿ" ಅಂದೆ. ಒಂದೇ ನಿಮಿಷದಲ್ಲಿ ಕೆಲಸ ಆಯಿತು.

ಎರಡನೇ ಸಲ ಯಾಕೆ ಹೋದೆ ಅಂದರೆ, ಮೊದಲ ಸಲ ನನ್ನ ಹತ್ತಿರ ಕಾಗದ ಇರಲಿಲ್ಲ. ಅವರು ಕೇಳಿದ್ದು: ಕೈಬರಹದ ಅರ್ಜಿ, ಪಾಸ್‌ಬುಕ್ ಮೊದಲ ಪುಟದ ಜೆರಾಕ್ಸ್, ಆಧಾರ್ ಜೆರಾಕ್ಸ್, ಮತ್ತೆ ಫೋನಿನಲ್ಲಿ ಬಂದ ವಹಿವಾಟಿನ ಪ್ರಿಂಟ್, ಅದರಲ್ಲಿ 12 ಅಂಕಿಯ ಯುಪಿಐ ನಂಬರ್ ಕಾಣಬೇಕು. ಮರುದಿನ ನಾಲ್ಕನೇ ಶನಿವಾರ, ಅದರ ಮರುದಿನ ಭಾನುವಾರ. ಮನೆಯಲ್ಲಿ ಆ ಎರಡು ದಿನ ಮಗಳು ನನ್ನನ್ನು ಕರೆದದ್ದು "ಸ್ಕ್ರೂಜ್" ಅಂತ. ಅವಳ ಲೆಕ್ಕದಲ್ಲಿ ನಾನು ರೊಕ್ಕ ಕೊಡಲು ಮನಸ್ಸಿಲ್ಲದೆ ಕರೆಂಟಿನ ನೆವ ಹೇಳುತ್ತಿದ್ದೇನೆ. ಬೇಸರವಾಯಿತು. ಲೆಕ್ಕ ಬರೆಯುವವನು ಮನೆಯಲ್ಲೂ ಪೈಸೆ ಪೈಸೆ ಕೇಳುತ್ತಾನೆ, ಅದು ಅವಳಿಗೆ ಹೊಸದೇನಲ್ಲ. ಅದಕ್ಕೇ ಬೇಸರ ಜಾಸ್ತಿ.

ಸೋಮವಾರ ಅರ್ಜಿ ಕೊಟ್ಟೆ. ಮಂಗಳವಾರ ಬೆಳಗಿನ ಜಾವ ರೊಕ್ಕ ತಾನೇ ಖಾತೆಗೆ ವಾಪಸ್ ಬಂದಿತ್ತು, ಅರ್ಜಿಗೂ ಅದಕ್ಕೂ ಸಂಬಂಧ ಇರಲಿಕ್ಕಿಲ್ಲ. ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ: ಯುಪಿಐಯಲ್ಲಿ ವ್ಯಾಪಾರಿಗೆ ಕಟ್ಟಿದ ರೊಕ್ಕ ಖಾತೆಯಿಂದ ಹೋಗಿ ಅತ್ತ ಖಾತ್ರಿಯಾಗದಿದ್ದರೆ ವಹಿವಾಟಿನ ದಿನ ಬಿಟ್ಟು 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು 2019ರಿಂದಲೂ ಇದೆ. ನನಗೆ ಮೊದಲೇ ಗೊತ್ತಿದ್ದರೆ ಶುಕ್ರವಾರದ ಬಿಸಿಲು, ಅಜ್ಜನ ಬುದ್ಧಿಮಾತು ಎರಡೂ ತಪ್ಪುತ್ತಿತ್ತು. ಐದು ದಿನ ಸುಮ್ನೆ ಕಾಯಿರಿ, ಆಮೇಲೆ ಬ್ಯಾಂಕಿಗೆ ಹೋಗಿ. ಮುಖ್ಯವಾಗಿ, ಆ ನಡುವೆ ಆತುರದಲ್ಲಿ ಇನ್ನೊಂದು ಸಲ ಕಟ್ಟಬೇಡಿ.

ಅವತ್ತೇ ರಾತ್ರಿ ಮತ್ತೆ ಕಟ್ಟಿದೆ, ಈ ಸಲ ಫೋನಿನ ಸ್ಟೀಮ್ ಆಪ್‌ನಿಂದಲೇ. ಹತ್ತು ಸೆಕೆಂಡಿನಲ್ಲಿ ಆಯಿತು. ಇನ್ನೊಂದು ಮಾತು: ಕೊಂಡು 14 ದಿನದೊಳಗೆ, ಆಡಿದ್ದು 2 ತಾಸಿಗಿಂತ ಕಡಿಮೆ ಇದ್ದರೆ ಸ್ಟೀಮ್ ರೊಕ್ಕ ವಾಪಸ್ ಕೊಡುತ್ತದೆ. ಹಳೇ ಲ್ಯಾಪ್‌ಟಾಪ್ ತಡೆಯುತ್ತದೋ ಇಲ್ಲವೋ ಅನ್ನುವ ಹೆದರಿಕೆ ಇದ್ದವರು ಮೊದಲ ದಿನವೇ ಆಡಿ ನೋಡಿ.

ಕೀಬೋರ್ಡಿನಲ್ಲಿ ಆಡಬಹುದು, ಆದರೆ ನನಗೆ ಅದು ಲೆಡ್ಜರ್ ಬರೆದ ಹಾಗೆ ಆಗುತ್ತದೆ. ಮೇ 2ರಂದು ಗೇಮ್‌ಪ್ಯಾಡ್ ತಂದೆ, 750 ರೂಪಾಯಿ, ಆರು ತಿಂಗಳ ವಾರಂಟಿ, ಬಿಲ್ ಸಮೇತ. ಹಚ್ಚಿದರೆ ಕೆಂಪು ದೀಪ ಹತ್ತಿತು, ಸ್ಕ್ರೂಜ್ ಮಾತ್ರ ಅಲುಗಲಿಲ್ಲ. ಅಗ್ಗದ ಗೇಮ್‌ಪ್ಯಾಡ್‌ಗಳ ರೋಗ ಇದು. ಅವುಗಳಲ್ಲಿ ಎರಡು ಥರದ ಮಾತು ಇರುತ್ತದೆ, ಒಂದು ಹಳೇ ಥರ, ಒಂದು ಎಕ್ಸ್‌ಬಾಕ್ಸ್ ಥರ. ಈಚಿನ ಆಟಗಳಿಗೆ ಎಕ್ಸ್‌ಬಾಕ್ಸ್ ಮಾತೇ ತಿಳಿಯೋದು. ನನ್ನದರಲ್ಲಿ ನಡುವಿನ ಬಟನ್ ಐದು ಸೆಕೆಂಡ್ ಒತ್ತಿ ಹಿಡಿದರೆ ದೀಪ ಬದಲಾಗಿ ಸರಿಹೋಯಿತು. ಆಗದಿದ್ದರೆ ಸ್ಟೀಮ್‌ನ ಸೆಟ್ಟಿಂಗ್ಸ್ ಒಳಗೆ ಕಂಟ್ರೋಲರ್ ಅಂತ ಇದೆ, ಅಲ್ಲಿ ಸ್ಟೀಮ್ ಇನ್‌ಪುಟ್ ಚಾಲೂ ಮಾಡಿ, ಅದು ನಡುವೆ ನಿಂತು ದುಭಾಷಿ ಕೆಲಸ ಮಾಡುತ್ತದೆ.

ಮೇ 3, ಭಾನುವಾರ ಬೆಳಿಗ್ಗೆ. ಬೇಕಂತಲೇ ಭಾನುವಾರಕ್ಕೆ ಇಟ್ಟುಕೊಂಡೆ. ಮಂಡಾಳು ಒಗ್ಗರಣೆ ಒಂದು ಬುಟ್ಟಿ, ಕೂಲರ್ ಮುಂದೆ ಚಾಪೆ, ಲ್ಯಾಪ್‌ಟಾಪ್‌ನಿಂದ ಟಿವಿಗೆ ವೈರ್. ಹಳೇ ಹಾಡಿನ ರಾಗ ಶುರುವಾದ ಕೂಡಲೇ ಅಡುಗೆಮನೆಯಿಂದ ಹೆಂಡತಿಯೂ ಬಂದು ಬಾಗಿಲಲ್ಲಿ ನಿಂತಳು, ಕೈಯಲ್ಲಿ ಹಿಟ್ಟು. ಅವಳು ಬೆಳೆದದ್ದು ಸೇಡಂನಲ್ಲಿ, ಅವರ ಓಣಿಯಲ್ಲಿ ಒಂದೇ ಟಿವಿಯಂತೆ.

ಹೊಸದರಲ್ಲಿ ಮೊದಲು ಸ್ಕ್ರೂಜ್‌ನ ಖಜಾನೆಯಲ್ಲೇ ಒಂದು ಸಣ್ಣ ಆಟ, ಬೀಗಲ್ ಬಾಯ್ಸ್ ಕಳ್ಳರನ್ನು ಓಡಿಸುತ್ತಾ ಕುಪ್ಪಳಿಸೋದು ಕಲಿಯುವುದಕ್ಕೆ. ಮಕ್ಕಳಿಗೆ ಸುಲಭವಾಗಲಿ ಅಂತ ಈಗ ಕೆಳಗಿನ ಬಟನ್ ಬೇಕಿಲ್ಲ, ಒಂದೇ ಬಟನ್ ಸಾಕು. ಹಳೇ ಥರವೇ ಬೇಕು ಅನ್ನುವವರಿಗೆ 'ಹಾರ್ಡ್ ಪೋಗೋ' ಅಂತ ಬೇರೆ ಆಯ್ಕೆ ಇದೆ. ನಡು ನಡುವೆ ಮಾತುಕತೆ ಜಾಸ್ತಿ, ಎಲ್ಲ ಇಂಗ್ಲಿಷ್. ಮೊದಲೆರಡು ಸಲ ನಾನು ಕನ್ನಡದಲ್ಲಿ ಹೇಳಿದೆ, ಆಮೇಲೆ ಆಟ ನಿಲ್ಲಿಸುವ ಬಟನ್ ಒತ್ತಿ ಮಾತು ದಾಟಿಸೋದು ಮಗಳೇ ಕಂಡುಹಿಡಿದಳು.

ಖಜಾನೆಯಲ್ಲಿ ನಾಣ್ಯದ ರಾಶಿಗೆ ಧುಮುಕಿ ಈಜಬಹುದು. ಅವಳು ಅಲ್ಲೇ ಹತ್ತು ನಿಮಿಷ ಈಜಿದಳು. "ಖರೇನೇ ಈಜಲಾಕ ಬರ್ತದೇನು ಪಪ್ಪಾ?" ನಾನು ಸಣ್ಣವನಿದ್ದಾಗ ಅಪ್ಪನ ಜೊತೆ ಗಂಜ್‌ಗೆ, ಅಂದರೆ ಕಾಳಿನ ಮಾರುಕಟ್ಟೆಗೆ ಹೋಗಿ ತೊಗರಿ ರಾಶಿಗೆ ಹಾರಿದ್ದು ನೆನಪಾಯಿತು. ಮೊಣಕಾಲಿನವರೆಗೆ ಹೋದೆ ಅಷ್ಟೇ, ಈಜಲು ಆಗಲಿಲ್ಲ. ಮೂರು ದಿನ ಮೈ ತುರಿಸಿತು, ಹಮಾಲರು ಬೈದರು. ಅವಳಿಗೆ ಹೇಳಿದೆ. ಆಟಕ್ಕಿಂತ ಅದೇ ಅವಳಿಗೆ ಇಷ್ಟವಾಯಿತು, ಮತ್ತೆ ಮತ್ತೆ ಕೇಳಿದಳು.

ಹಿಮಾಲಯವನ್ನು ಅವಳೇ ಎರಡು ಸಲಕ್ಕೆ ದಾಟಿದಳು. ಹೊರಗೆ 43 ಡಿಗ್ರಿ, ಒಳಗೆ ಹಿಮ. ನಾನು ಹೆಚ್ಚೇನೂ ಮಾತಾಡಲಿಲ್ಲ. ಮೂವತ್ತು ವರ್ಷ ನನಗೆ ಸಿಗದ ಗೆಂಘಿಸ್ ಖಾನ್ ಕಿರೀಟ ಅವಳಿಗೆ ಮಂಡಾಳು ಮುಗಿಯುವುದರೊಳಗೆ ಸಿಕ್ಕಿತು. ಸ್ವಲ್ಪ ಹೊಟ್ಟೆಕಿಚ್ಚಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಚಂದ್ರನ ಮೇಲೆ ಕಥೆ ಕೆಟ್ಟಿತು. ಮೇ 6ರ ಸಂಜೆ. ಚಂದ್ರನ ಆ ರಾಗ 1989ರ ಆಟದಿಂದ ಬಂದದ್ದು, ಹಿರೋಶಿಗೆ ತೊನೊಮುರಾ ಅನ್ನುವವರು ಮಾಡಿದ್ದು, ಈಗಲೂ ಜನ ಅದನ್ನು ಪಿಯಾನೋ ಮೇಲೆ ನುಡಿಸುತ್ತಾರೆ. ಆ ರಾಗ ಕೇಳುತ್ತಾ ಮುಕ್ಕಾಲು ತಾಸು ಆಡಿ, ಕೊನೆಗೆ ಹಸಿರು ಚೀಸ್ ತಿಂದು ಊದಿಕೊಂಡ ದೊಡ್ಡ ಇಲಿಯ ಮುಂದೆ ನಿಂತಿದ್ದೇವೆ, ಮೂರು ಏಟು ಬಿದ್ದಾಗಿದೆ. ಫಟ್. ಕರೆಂಟ್ ಹೋಯಿತು. ಈ ಆಟದಲ್ಲಿ ಒಂದು ಜಾಗ ಪೂರ್ತಿ ಮುಗಿದ ಮೇಲೆಯೇ ಉಳಿಯುತ್ತದೆ, ನಡುವೆ ನಿಂತರೆ ಆ ಜಾಗ ಮೊದಲಿಂದ. ಮಗಳು ಅಳಲಿಲ್ಲ. ಗೇಮ್‌ಪ್ಯಾಡ್ ಚಾಪೆ ಮೇಲಿಟ್ಟು ಎದ್ದು ಹೊರಗೆ ಕಟ್ಟೆ ಮೇಲೆ ಹೋಗಿ ಕೂತಳು. ಅತ್ತಿದ್ದರೆ ಚೆನ್ನಾಗಿತ್ತು. ಮರುದಿನವೂ ಹಾಗೇ ಆಯಿತು, ಈ ಸಲ ಇಲಿಯವರೆಗೂ ಮುಟ್ಟಲಿಲ್ಲ.

ಬ್ಯಾಟರಿಗೆ ರೊಕ್ಕ ಯಾಕೆ ಹಾಕಬೇಕು ಅಂತ ಏಪ್ರಿಲ್‌ನಲ್ಲಿ ಅಂದುಕೊಂಡಿದ್ದೆನಲ್ಲ, ಆ ಜಿಪುಣತನ ಅಲ್ಲಿ ಕೈ ಕೊಟ್ಟಿತು. ಆನ್‌ಲೈನ್‌ನಲ್ಲಿ 1,850 ರೂಪಾಯಿಗೆ ತರಿಸಿದೆ. 12ಕ್ಕೆ ಬಂತು, ಕೂರಲಿಲ್ಲ, ಒಂದು ಬೆರಳಷ್ಟು ಉದ್ದ. ನಾನು ಲ್ಯಾಪ್‌ಟಾಪಿನ ಮುಚ್ಚಳದ ಮೇಲಿನ ಮಾಡೆಲ್ ಹೆಸರು ನೋಡಿ ತರಿಸಿದ್ದೆ. ಅದು ತಪ್ಪು. ಹಳೇ ಬ್ಯಾಟರಿ ಬಿಚ್ಚಿ ತೆಗೆದು, ಅದರ ಬೆನ್ನ ಮೇಲಿನ ಚೀಟಿಯಲ್ಲಿರೋ ಪಾರ್ಟ್ ನಂಬರ್, ವೋಲ್ಟ್ ಎರಡೂ ನೋಡಿ ತರಿಸಬೇಕು, ಫೋಟೋ ತೆಗೆದಿಟ್ಟುಕೊಂಡರೆ ಇನ್ನೂ ಒಳ್ಳೇದು. ಬದಲಾಯಿಸಿ ಸರಿಯಾದದ್ದು ಬಂದದ್ದು 17ಕ್ಕೆ. ಆ ಹತ್ತು ದಿನ ನಾವು ಕರೆಂಟ್ ಹೋಗದ ಹೊತ್ತು ಯಾವುದು ಅಂತ ನೋಡಿಕೊಂಡು ಬೆಳಿಗ್ಗೆ ಐದೂವರೆಗೆ ಎದ್ದು ಆಡಿದೆವು. ಚಂದ್ರನನ್ನು ಗೆದ್ದದ್ದು ಹಾಗೆ, ಹಾಲಿನವನು ಬರುವುದಕ್ಕೆ ಮುಂಚೆ.

ಕೊನೆಯ ಜಾಗ ವೆಸೂವಿಯಸ್ ಅಗ್ನಿಪರ್ವತ, ಐದೂ ಮುಗಿದ ಮೇಲೆ ತೆರೆಯುತ್ತದೆ. ಅಲ್ಲಿ ಡ್ರಾಕುಲಾ ಬಾತುಕೋಳಿಯನ್ನು ಸೋಲಿಸಿದ ಕೂಡಲೇ ಆಟ ಮುಗಿಯಿತು ಅಂತ ಗೇಮ್‌ಪ್ಯಾಡ್ ಕೆಳಗಿಡಬೇಡಿ, ನಾವು ಇಟ್ಟೆವು. ಕೆಳಗಿಂದ ಲಾವಾ ಏರುತ್ತದೆ, ಗುಡ್ಡ ಹತ್ತಿ ತಪ್ಪಿಸಿಕೊಳ್ಳಬೇಕು, ಜೀವ ಎಲ್ಲ ಮುಗಿದರೆ ಮತ್ತೆ ವೆಸೂವಿಯಸ್ ಬುಡದಿಂದ. ನಮಗೆ ನಾಲ್ಕು ಸಲ ಹಾಗಾಯಿತು. ಹಾಗಾಗಿ ಜೀವ ಉಳಿಸಿಕೊಂಡು ಮೇಲೆ ಹೋಗಿ, ದಾರಿಯಲ್ಲಿ ಸಿಗೋ ಐಸ್‌ಕ್ರೀಮ್ ಬಿಡಬೇಡಿ. 19ರ ರಾತ್ರಿ ಲಾವಾ ಅರ್ಧ ಏರಿದಾಗ ಕರೆಂಟ್ ಹೋಯಿತು. ಟಿವಿ ಆರಿತು, ಕೂಲರ್ ನಿಂತಿತು. ಲ್ಯಾಪ್‌ಟಾಪಿನ ಸಣ್ಣ ಪರದೆ ಮಾತ್ರ ಬೆಳಗುತ್ತಿತ್ತು, ಆಟ ನಡೆದೇ ಇತ್ತು. ನಾನು ಕಿರುಚಿದೆ, "ನಿಲ್ಲಬ್ಯಾಡ, ಹತ್ತು ಹತ್ತು!" ಅವಳು ಮೂಗು ಪರದೆಗೆ ಹಚ್ಚಿ ಹತ್ತಿದಳು. ಬೆವರು ಸುರಿಯುತ್ತಿತ್ತು ಇಬ್ಬರಿಗೂ. ಮೇಲೆ ಮುಟ್ಟಿದಾಗ ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ಇಣುಕಿ ಏನಾಯ್ತು ಅಂತ ಕೇಳಿದರು.

ಅವಳು ತನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ 'ಸ್ಕ್ರೂಜ್ ಲೆಕ್ಕ' ಅಂತ ಬರೆದಿದ್ದಳು: ಪಾರ್ಸೆಲ್ 250, ಕೂಲಿ 500, ಎಸ್‌ಎಸ್‌ಡಿ 2,600, ಗೇಮ್‌ಪ್ಯಾಡ್ 750, ಬ್ಯಾಟರಿ 1,850, ಆಟೋ ಜೆರಾಕ್ಸ್ ಪೆಟ್ರೋಲ್ 310. ಒಟ್ಟು 6,260, ಆಟದ ರೊಕ್ಕ ಬಿಟ್ಟು. ಕೂಡಿದ್ದು ಸರಿ ಇತ್ತು, ನಾನು ಎರಡು ಸಲ ನೋಡಿದೆ.

ಈಗ ಅವಳು ಅಜ್ಜಿ ಊರಿಗೆ ಹೋಗಿದ್ದಾಳೆ. ರಾತ್ರಿ ಊಟ ಆದ ಮೇಲೆ ನಾನೊಬ್ಬನೇ ಹಾರ್ಡ್ ಪೋಗೋ ಹಾಕಿಕೊಂಡು ಹಿಮಾಲಯ ಆಡುತ್ತಿದ್ದೇನೆ. ಪೂರ್ತಿ ಆಟ ಮುಗಿಸಿದವರಿಗೆ ಹಳೇ ಟಿವಿ ಗೇಮಿನ ಟಿಂಟಿಂ ಸಂಗೀತವೇ ಹಾಕಿಕೊಳ್ಳುವ ಅವಕಾಶ ಇದೆ, ಅದನ್ನೂ ಹಾಕಿದ್ದೇನೆ. ಕೋಲು ಹಿಮದಲ್ಲಿ ಹೂತುಕೊಳ್ಳುವುದು ಇನ್ನೂ ತಪ್ಪಿಲ್ಲ. ನಿನ್ನೆಯಿಂದ ಗೇಮ್‌ಪ್ಯಾಡಿನ ಕೆಳಗಿನ ಬಟನ್ ಒತ್ತಿದರೆ ಮೇಲೆ ಬರುತ್ತಿಲ್ಲ. ವಾರಂಟಿ ಆರು ತಿಂಗಳಿದೆ, ಬಿಲ್ ಎಲ್ಲಿಟ್ಟೆ ಅಂತ ಹುಡುಕುತ್ತಿದ್ದೇನೆ.